ಆಕಾಶಕ್ಕೆ ಹೊರಟ ಇಡ್ಲಿ ತಟ್ಟೆ

ಗುಬ್ಬಿ ಸ್ಟೇಷನ್ನಿನಿಂದ

ನಾನು ಜಪಾನಿಗೆ ಹೋಗಿ ಬಂದೆನೆಂದು ಗೊತ್ತಾದ ಮೇಲೆ ಗುಬ್ಬಿಯಲ್ಲಿ ಯಾರೂ ನನ್ನನ್ನು ಸುಮ್ಮನೆ ಬಿಡುತ್ತಿಲ್ಲ. ಅಲ್ಲಿ ಹಾವು ತಿಂತಾರಂತೆ ಹೌದಾ, ಮನೆಗಳನ್ನು ಕಾಗದದಲ್ಲಿ ಕಟ್ಟಿರ್ತಾರಂತೆ ಹೌದಾ, ರೈಲು ಹೋದರೆ ಸದ್ದೇ ಬರಲ್ಲವಂತೆ ಹೌದಾ. ನಾನು ಹಾವೂ ನೋಡಲಿಲ್ಲ, ಕಾಗದದ ಮನೆಯೂ ನೋಡಲಿಲ್ಲ. ಹನ್ನೊಂದು ದಿನದಲ್ಲಿ ಹೆಚ್ಚು ಹೊತ್ತು ನೋಡಿದ್ದು ಒಂದು ಕೊಳ, ಒಂದು ಉಕ್ಕಿನ ಡಬ್ಬ, ಒಂದು ಗಾಜಿನ ಬೀರು. ಆ ಬೀರುವಿನಲ್ಲಿ ಈಗ ನಮ್ಮ ಕಡಬವೂ ಇದೆ. ಅದು ಅಲ್ಲಿಗೆ ಹೇಗೆ ಹೋಗಿ ಕೂತಿತು ಎನ್ನುವುದನ್ನು ಹೇಳಿಬಿಡುತ್ತೇನೆ. ಆಮೇಲೆ ಹಾವಿನ ವಿಷಯ ಯಾರೂ ಎತ್ತಬೇಡಿ.

ನನ್ನ ಹೆಸರು ಸುಶೀಲ. ತವರು ಕಡಬ, ಇರುವುದು ಗುಬ್ಬಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ತುಮಕೂರಿಗೆ ಹೋಗಿ, ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೆಲಸ ಬರ್ ತೆಗೆಯುವುದು. ಲೋಹಕ್ಕೆ ತೂತು ಕೊರೆದರೆ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಸಿಬಿರು ಉಳಿಯುತ್ತದೆ, ಅದೇ ಬರ್. ಬೆರಳು ಆಡಿಸಿ ಅದು ಎಲ್ಲಿದೆ ಎಂದು ಹುಡುಕಿ, ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ವರ್ಕ್‌ಶಾಪಿನಲ್ಲಿ ಎಷ್ಟೇ ಮೆಷಿನ್ ಬಂದರೂ ಕೊನೆಗೆ ಎಲ್ಲವೂ ನನ್ನ ಬೆರಳಿನ ಕೆಳಗೆ ಒಂದು ಸಲ ಹಾದುಹೋಗಲೇಬೇಕು ಎಂದು ನಮ್ಮ ಯಜಮಾನರಾದ ನಂಜೇಗೌಡರ ಕಟ್ಟಪ್ಪಣೆ. ಗೌಡರು ಕುಣಿಗಲ್ ಕಡೆಯವರು. ಕೋಪ ಬಂದರೆ ಜೋರಾಗಿ ಮಾತಾಡುತ್ತಾರೆ, ಖುಷಿಯಾದರೆ ಇನ್ನೂ ಜೋರಾಗಿ.

ಹಲವು ದೇಶಗಳು ಸೇರಿ ಕೆಲವು ವರ್ಷದ ಹಿಂದೆ ಒಂದು ದೂರದರ್ಶಕವನ್ನು ಭೂಮಿಯ ಸುತ್ತ ತಿರುಗಲು ಬಿಟ್ಟಿವೆ. ತುಮಕೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಎಷ್ಟು ದೂರವೋ, ಅದಕ್ಕಿಂತ ಸ್ವಲ್ಪ ಹೆಚ್ಚು ದೂರ ನೇರ ಮೇಲಕ್ಕೆ. ಅದರೊಳಗೆ ಕರೆಂಟ್ ಹಂಚುವ ಒಂದು ಸರ್ಕ್ಯೂಟ್ ಕಾರ್ಡು ಸುಟ್ಟುಹೋಗಿದೆ. ಮನುಷ್ಯರೇ ಹೋಗಿ ಬದಲಾಯಿಸಬೇಕು. ಕಾರ್ಡಿನ ಮುಚ್ಚಳಕ್ಕೆ ಮೂವತ್ತೆರಡು ಸಣ್ಣ ಸ್ಕ್ರೂಗಳಿವೆ, ಯಾರೂ ಬಿಚ್ಚುವುದಿಲ್ಲ ಎಂದುಕೊಂಡು ಹಾಕಿದ ಸ್ಕ್ರೂಗಳು. ಒಂದು ಕೈತಪ್ಪಿದರೂ ಅದು ಕೆಳಗೆ ಬೀಳುವುದಿಲ್ಲ, ತೇಲುತ್ತಾ ಯಂತ್ರದ ಹೊಟ್ಟೆಯೊಳಗೆ ಹೋಗುತ್ತದೆ. ಅದಕ್ಕೇ ಮುಚ್ಚಳದ ಮೇಲೆ ಕೂರಿಸುವ ಒಂದು ತಟ್ಟೆ ಬೇಕಾಯಿತು. ಅದರಲ್ಲಿ ಮೂವತ್ತೆರಡು ಗುಳಿ, ಗುಳಿಗೊಂದು ಪಾರದರ್ಶಕ ಮುಚ್ಚಳ, ಮುಚ್ಚಳದ ನಡುವೆ ಸ್ಕ್ರೂಡ್ರೈವರ್ ತುದಿ ಮಾತ್ರ ಹೋಗುವಷ್ಟು ತೂತು. ಬಿಚ್ಚಿದ ಸ್ಕ್ರೂ ಗುಳಿಯಲ್ಲೇ ಸಿಕ್ಕಿಕೊಳ್ಳಬೇಕು. ಆ ತಟ್ಟೆ ಮಾಡುವ ಕೆಲಸ ಯಾರ ಯಾರದೋ ಕೈ ದಾಟಿ ನಮ್ಮ ವರ್ಕ್‌ಶಾಪಿಗೆ ಬಂತು. ನಾವು ಅದನ್ನು ಇಡ್ಲಿ ತಟ್ಟೆ ಎಂದು ಕರೆಯುತ್ತಿದ್ದೆವು.

ಎರಡು ತಟ್ಟೆ ತಯಾರಾದವು. ಒಂದು ನೀರಿನಲ್ಲಿ ಅಭ್ಯಾಸ ಮಾಡಲು, ಇನ್ನೊಂದು ನಿಜವಾಗಿ ಮೇಲೆ ಹೋಗಲು. ಮೇಲೆ ಹೋಗುವುದರ ಒಂದೊಂದು ಅಂಚನ್ನೂ ನಾನು ಲೆಕ್ಕವಿಲ್ಲದಷ್ಟು ಸಲ ಮುಟ್ಟಿದ್ದೇನೆ. ಒಂದು ಬರ್ ಉಳಿದರೂ ಗಗನಯಾತ್ರಿಯ ಕೈಗವಸು ಹರಿಯಬಹುದು, ಹರಿದರೆ ಜೀವಕ್ಕೇ ಅಪಾಯ. ನಿಜ ಹೇಳುತ್ತೇನೆ, ಎರಡು ವರ್ಷ ನನಗಿದ್ದದ್ದು ಒಂದೇ ಆಸೆ. ನನ್ನ ಕೈ ಆಡಿದ ಆ ತಟ್ಟೆ ಆಕಾಶಕ್ಕೆ ಹೋಗಬೇಕು. ಜಪಾನಿನಲ್ಲಿ ಕೊನೆಯ ಪರೀಕ್ಷೆ ಎಂದಾಗ ಗೌಡರು ನನ್ನನ್ನೂ ಹೊರಡಿಸಿದರು.

"ಏನಾರ ಉಜ್ಜು ಅಂದ್ರೆ ನಾನ್ ಉಜ್ಜಕ್ಕಾಯ್ತದಾ? ನೀನೇ ಬಾರಮ್ಮ" ಅಂದರು.

ಯೋಶಿ

ಇಳಿದ ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ತೆರೆಸಿದರು. ತಪಾಸಣೆಯವನು ಬಹಳ ಮರ್ಯಾದಸ್ಥ, ಪೆಟ್ಟಿಗೆಗೂ ಒಮ್ಮೆ ತಲೆಬಾಗಿಸಿದ ಹಾಗೆ ಕಂಡಿತು. ಆದರೆ ಚೀಲದ ಸೀಲು ಕತ್ತರಿಸಿ, ಮೇಲೆ ಹೋಗುವ ತಟ್ಟೆಯನ್ನೇ ಬರಿಗೈಯಲ್ಲಿ ಎತ್ತಿ, ತಿರುಗಿಸಿ, ಕೆಳಗಿಟ್ಟ. ಗುಳಿಯ ಪಕ್ಕದಲ್ಲೇ ಅವನ ಹೆಬ್ಬೆರಳಿನ ಗುರುತು ಮಂಜುಮಂಜಾಗಿ ಕಾಣುತ್ತಿತ್ತು.

ಟೋಕಿಯೋದಿಂದ ಉತ್ತರಕ್ಕೆ ರೈಲು. ಸದ್ದಿಲ್ಲ ಎನ್ನುವುದು ಸುಳ್ಳು, ರೈಲಿಗೆ ಸದ್ದಿದೆ, ಜನಕ್ಕಿಲ್ಲ. ಇಡೀ ಡಬ್ಬಿಯಲ್ಲಿ ಮಾತಾಡುತ್ತಿದ್ದವರು ಗೌಡರೊಬ್ಬರೇ. ನಾವು ಚಾಲಕನ ಹಿಂದಿನ ಗಾಜಿನ ಬಳಿ ನಿಂತಿದ್ದೆವು. ಬಿಳಿ ಕೈಗವಸು ಹಾಕಿದ ಆ ಚಾಲಕ, ಎದುರಿಗೆ ಯಾರೂ ಇಲ್ಲದಿದ್ದರೂ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಸಿಗ್ನಲ್ ಕಂಡರೆ ಬೆರಳು, ಗಡಿಯಾರ ನೋಡಿದರೆ ಬೆರಳು. ಪ್ರತಿ ಸಲವೂ ಕೊನೆಗೆ ಒಂದೇ ಮಾತು, "ಯೋಶಿ!"

"ಪಾಪ, ಒಬ್ಬೊಬ್ನೇ ಮಾತಾಡ್ತಾವ್ನೆ. ಮನೇಲಿ ಏನೋ ತೊಂದ್ರೆ ಇರಬೇಕು ಕಣಮ್ಮ" ಎಂದು ಗೌಡರು ಮರುಗಿದರು.

ಆಮೇಲೆ ತಿಳಿಯಿತು, ತೊಂದರೆ ಏನೂ ಇಲ್ಲ, ಅದು ಅಲ್ಲಿನ ಪದ್ಧತಿ. ಕಣ್ಣು ಒಂದೇ ನೋಡಿದರೆ ಸಾಲದು, ಬೆರಳೂ ನೋಡಬೇಕು, ಬಾಯಿಯೂ ಹೇಳಬೇಕು, ಆಗ ತಪ್ಪಾಗುವುದಿಲ್ಲ ಎಂದು ಅವರ ಲೆಕ್ಕ. ನಮ್ಮ ಬಸ್ ಕಂಡಕ್ಟರ್ ಬಾಗಿಲು ಬಡಿದು "ರೈಟ್ ರೈಟ್" ಅನ್ನುತ್ತಾನಲ್ಲ, ಹಾಗೆ. ನಮ್ಮವನು ಜನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದಿದ್ದರೂ ಅನ್ನುತ್ತಾನೆ, ಅಷ್ಟೇ ವ್ಯತ್ಯಾಸ. ಗೌಡರಿಗೆ ಇದು ಎಷ್ಟು ಹಿಡಿಸಿತೆಂದರೆ ಗೆಸ್ಟ್‌ಹೌಸಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕಡೆ ಬೆರಳು ಚಾಚಿ, ಮಹಡಿಯೆಲ್ಲ ಕೇಳುವ ಹಾಗೆ "ಯೋಶಿ" ಎಂದು ಕೂಗಿದರು. ಪಕ್ಕದ ಕೋಣೆಯ ಮುದುಕ ಹೊರಗೆ ಬಂದು ತಲೆಬಾಗಿಸಿ ಒಳಗೆ ಹೋದ.

ಮಾರನೆಯ ಬೆಳಿಗ್ಗೆ ತಟ್ಟೆಗಳನ್ನು ಸಂಸ್ಥೆಗೆ ಒಪ್ಪಿಸಬೇಕಿತ್ತು. ಗೌಡರು ಸ್ನಾನಕ್ಕೆ ಹೋಗಿದ್ದರು. ನನಗೆ ಆ ಹೆಬ್ಬೆರಳಿನ ಗುರುತು ಕಣ್ಣಿಗೆ ಚುಚ್ಚುತ್ತಿತ್ತು. ಚೀಲ ಬಿಡಿಸಿ, ಮೆತ್ತನೆ ಬಟ್ಟೆ ತೆಗೆದುಕೊಂಡು, ವರ್ಕ್‌ಶಾಪಿನಲ್ಲಿ ದಿನಾ ಸಂಜೆ ಮಾಡುವ ಹಾಗೇ ಮಾಡಿದೆ. ಅಂದರೆ, ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ನೀಟಾಗಿ ಒರೆಸಿದೆ. ತಲೆಗೆಂದು ತಂದಿದ್ದ ಎಣ್ಣೆ, ಕಡಬದಲ್ಲಿ ನಮ್ಮಣ್ಣ ತೋಟದ ಕೊಬ್ಬರಿಯಿಂದ ಆಡಿಸಿ ಕೊಟ್ಟದ್ದು. ನಮ್ಮ ಕಡೆ ಅರ, ಸ್ಪ್ಯಾನರ್, ವೈಸ್ ಯಾವುದಕ್ಕಾದರೂ ಕೆಲಸ ಮುಗಿದ ಮೇಲೆ ಒಂದು ಕೈ ಕೊಬ್ಬರಿ ಎಣ್ಣೆ ಸವರದೆ ಯಾರೂ ಎದ್ದು ಹೋಗುವುದಿಲ್ಲ, ತುಕ್ಕು ಹಿಡಿಯಬಾರದೆಂದು. ಅಲ್ಯೂಮಿನಿಯಂ ತಟ್ಟೆಗೆ ತುಕ್ಕು ಎಲ್ಲಿಂದ ಬರಬೇಕು? ಅದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ತಟ್ಟೆ ಮದುಮಗಳ ಹಾಗೆ ಹೊಳೆಯಿತು. ನನಗೆ ಬಹಳ ಸಂತೋಷವಾಯಿತು.

ಕೊಳ

ಸಂಸ್ಥೆಯಲ್ಲಿ ನಮ್ಮನ್ನು ನೋಡಿಕೊಂಡವರು ಓಕಾದಾ ಎನ್ನುವ ಎಂಜಿನಿಯರು. ಇಂಗ್ಲಿಷ್ ನಿಧಾನಕ್ಕೆ ಮಾತಾಡುತ್ತಿದ್ದರು, ಅದರಿಂದ ನಮಗೆ ಅನುಕೂಲವಾಯಿತು. ಸೀಲು ಕತ್ತರಿಸಿದ ವಿಷಯವನ್ನು ಗೌಡರು ಹೇಳಿದರು. ಓಕಾದಾ ಬರೆದುಕೊಂಡು, ಸ್ಪಿರಿಟ್ಟಿನಲ್ಲಿ ಮತ್ತೊಮ್ಮೆ ಒರೆಸುತ್ತೇವೆ, ಚಿಂತೆಯಿಲ್ಲ ಅಂದರು. ನಾನು ಒರೆಸಿದ್ದನ್ನು ಹೇಳಬೇಕೆಂದೇ ನನಗೆ ಹೊಳೆಯಲಿಲ್ಲ. ಅನ್ನಕ್ಕೆ ಕುಳಿತಾಗ ಕೈ ತೊಳೆದೆ ಎಂದು ಯಾರಾದರೂ ಹೇಳುತ್ತಾರಾ?

ನೀರಿನ ತಟ್ಟೆಯ ಪರೀಕ್ಷೆ ಮೊದಲು. ನಮ್ಮೂರಿನ ಕಲ್ಯಾಣಿಯ ನಾಲ್ಕರಷ್ಟು ದೊಡ್ಡ ಕೊಳ, ತಳದಲ್ಲಿ ದೂರದರ್ಶಕದ ತದ್ರೂಪು. ಬಿಳಿ ಉಡುಪಿನ ಗಗನಯಾತ್ರಿಯನ್ನು ಕ್ರೇನಿನಲ್ಲಿ ಇಳಿಸಿದರು. ತೇಲದ ಹಾಗೆ, ಮುಳುಗದ ಹಾಗೆ ಮೈಗೆ ತೂಕ ಕಟ್ಟಿದ್ದರು. ಮೇಲಿನ ತೂಕವಿಲ್ಲದ ಸ್ಥಿತಿಗೆ ಭೂಮಿಯ ಮೇಲೆ ಸಿಗುವ ಹತ್ತಿರದ ರುಚಿ ಇದಂತೆ. ನಾವು ದಡದಲ್ಲಿ ಪರದೆಯ ಮುಂದೆ ಕುಳಿತೆವು.

ನಾನು ಕೇಳಿದ್ದೇ ಕೇಳಿದ್ದು. ದೂರದರ್ಶಕವನ್ನು ಅಷ್ಟು ಕಷ್ಟಪಟ್ಟು ಮೇಲಕ್ಕೇಕೆ ಕಳಿಸಬೇಕು, ಒಂದು ಎತ್ತರದ ಬೆಟ್ಟದ ಮೇಲಿಟ್ಟರೆ ಆಗುವುದಿಲ್ಲವೇ? ಬೆಟ್ಟದ ಮೇಲೂ ಗಾಳಿ ಇದೆಯಲ್ಲ ಅಂದರು ಓಕಾದಾ. ನಮ್ಮಲ್ಲಿ ಸಂಜೆ ದೇವರಾಯನದುರ್ಗದ ಬೆಟ್ಟದ ಮೇಲೆ ನಿಂತರೆ ತುಮಕೂರಿನ ದೀಪಗಳು ಮಿಣುಕುತ್ತವೆ. ದೀಪ ಮಿಣುಕುವುದಿಲ್ಲ, ನಡುವಿನ ಗಾಳಿ ಅಲುಗುತ್ತದೆ. ನಕ್ಷತ್ರಕ್ಕೂ ಅದೇ ಗತಿ. ಅಲ್ಲದೆ ಕೆಲವು ಬಗೆಯ ಬೆಳಕನ್ನು ಗಾಳಿ ಕೆಳಗೆ ಬಿಡುವುದೇ ಇಲ್ಲವಂತೆ. ಮೇಲಕ್ಕೆ ಹೋಗಲು ಎಷ್ಟು ಹೊತ್ತು? ಹತ್ತು ನಿಮಿಷವೂ ಬೇಡ. ಆದರೆ ಆ ಹತ್ತು ನಿಮಿಷದ ಕುಲುಕಾಟ ತಡೆಯಬೇಕೆಂದು ಕನ್ನಡಿಯಿಂದ ಹಿಡಿದು ನಟ್ಟಿನವರೆಗೆ ಎಲ್ಲವನ್ನೂ ಮೊದಲೇ ನಡುಗುವ ಮೇಜಿನ ಮೇಲಿಟ್ಟು ಅಲುಗಾಡಿಸುತ್ತಾರೆ. ಗುಬ್ಬಿಯಿಂದ ಕಡಬಕ್ಕೆ ಆಟೋದಲ್ಲಿ ಕಳಿಸಿದ್ದರೆ ಮೇಜಿನ ಖರ್ಚು ಉಳಿಯುತ್ತಿತ್ತು ಎಂದು ಗೌಡರು ನನ್ನ ಕಿವಿಯಲ್ಲಿ ಅಂದರು. ಅದನ್ನು ಇಂಗ್ಲಿಷಿಗೆ ತರಲು ನಮ್ಮಿಬ್ಬರಿಗೂ ಆಗಲಿಲ್ಲ.

ನೀರಿನೊಳಗೆ ಒಂದು ವಿಷಯ ನೋಡಿ ನನಗೆ ಅಪ್ಪ ನೆನಪಾದರು. ಗಗನಯಾತ್ರಿಯ ಪ್ರತಿಯೊಂದು ಸಲಕರಣೆಗೂ ಒಂದು ದಾರ, ದಾರದ ಇನ್ನೊಂದು ತುದಿ ಮೈಗೆ. ಅಪ್ಪ ಕಡಬದ ಸುತ್ತಮುತ್ತ ಬೋರ್‌ವೆಲ್ ಮೋಟರ್ ಎತ್ತಿ ಇಳಿಸುವ ಕೆಲಸ ಮಾಡುತ್ತಿದ್ದರು. ಸ್ಪ್ಯಾನರನ್ನು ಹುರಿಯಿಂದ ಮುಂಗೈಗೆ ಕಟ್ಟಿಕೊಳ್ಳದೆ ಬೋರಿನ ಬಾಯಿಯ ಹತ್ತಿರ ಬಗ್ಗುತ್ತಿರಲಿಲ್ಲ. ಒಂದು ಬೋಲ್ಟ್ ಒಳಗೆ ಬಿದ್ದರೆ ಮೋಟರ್ ಸಿಕ್ಕಿಕೊಂಡು ಬೋರೇ ಹೋಯಿತು. ಓಕಾದಾ ಅವರಿಗೆ ಇದನ್ನು ಹೇಳಿದೆ. ಅವರು, ನಿಮ್ಮ ತಂದೆಗೆ ನಮ್ಮ ಕೆಲಸ ತಿಳಿದಿತ್ತು ಅಂದರು. ನನ್ನ ಕಣ್ಣು ತುಂಬಿಬಂತು.

ಮೂವತ್ತೆರಡು ಸ್ಕ್ರೂಗಳೂ ಗುಳಿಯಲ್ಲೇ ಉಳಿದವು. ಗೌಡರು ಒಂದೊಂದಕ್ಕೂ ಬೆರಳು ತೋರಿಸಿ ಮೂವತ್ತೆರಡು ಸಲ ಯೋಶಿ ಅಂದರು.

ಗಾಳಿಯಿಲ್ಲದ ಡಬ್ಬ

ಇನ್ನು ಉಳಿದದ್ದು ಮೇಲೆ ಹೋಗುವ ತಟ್ಟೆ. ಅದಕ್ಕೆ ಶುಚಿಯ ಪರೀಕ್ಷೆ. ಒಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು, ಅದು ನಮಗೂ ಅಭ್ಯಾಸ. ಎರಡನೆಯದರಲ್ಲಿ ಬೇರೆ ಚಪ್ಪಲಿ ಕೊಟ್ಟರು. ಮೂರನೆಯದರಲ್ಲಿ ಅದನ್ನೂ ಬಿಡಿಸಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡಿಸಿದರು, ಕಣ್ಣು ಮಾತ್ರ ಹೊರಗೆ. ನಾಲ್ಕನೆಯದರಲ್ಲಿ ಸುತ್ತಲಿಂದ ಗಾಳಿ ಬೀಸಿ ಧೂಳು ಒದರಿಸಿದರು. ನಮ್ಮಲ್ಲಿ ಗರ್ಭಗುಡಿಗೂ ಇಷ್ಟು ಮಡಿ ಇಲ್ಲ.

ಒಳಗೆ ಉಕ್ಕಿನ ಡಬ್ಬ. ಅದರ ಉಸ್ತುವಾರಿ ಮೊರಿತಾ ಎನ್ನುವ ಹೆಂಗಸಿನದು, ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ತಟ್ಟೆಯನ್ನು ಡಬ್ಬದಲ್ಲಿಟ್ಟು, ಗಾಳಿಯೆಲ್ಲ ಹೀರಿ, ಬಿಸಿ ಮಾಡುತ್ತಾರೆ. ಪಕ್ಕದಲ್ಲಿ ಒಂದು ಪುಟ್ಟ ಕನ್ನಡಿ. ತಟ್ಟೆಯಿಂದ ಏನಾದರೂ ಆವಿ ಹೊರಟರೆ ಕನ್ನಡಿಯ ಮೇಲೆ ಕೂರುತ್ತದೆ. ಮೇಲೆಯೂ ಹಾಗೇ ಆಗಿ ದೂರದರ್ಶಕದ ಕನ್ನಡಿಗೆ ಜಿಡ್ಡು ಹತ್ತಿದರೆ ಒರೆಸುವವರಿಲ್ಲ. ಕೂದಲೆಳೆಗಿಂತ ಎಷ್ಟೋ ಪಾಲು ತೆಳ್ಳಗಿನ ಜಿಡ್ಡು ಸಾಕು, ಕೆಲವು ಬಗೆಯ ಬೆಳಕು ದೂರದರ್ಶಕಕ್ಕೆ ಕಾಣುವುದೇ ಇಲ್ಲ. ಮೊರಿತಾ ಒಂದೊಂದು ಹಿಡಿಕೆಗೂ ಬೆರಳು ತೋರಿಸಿ, ಮೆಲ್ಲಗೆ ಯೋಶಿ ಅಂದು, ಬಾಗಿಲು ಬಿಗಿದರು.

ಎರಡು ದಿನ ಕಾದು ಡಬ್ಬ ತೆರೆದರೆ ಕನ್ನಡಿ ಮಬ್ಬಾಗಿತ್ತು.

ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿದರು. ಯಾರೂ ಗಲಾಟೆ ಮಾಡಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಗೌಡರ ಕೂಗಿಗೆ ಎದುರಿನ ಟೀ ಅಂಗಡಿಯವನೂ ಬಂದಿರುತ್ತಿದ್ದ. ಕನ್ನಡಿಯ ಮೇಲಿರುವುದು ಯಂತ್ರದ ಎಣ್ಣೆಯಲ್ಲ, ಗಿಡಮರದ ಯಾವುದೋ ಎಣ್ಣೆ, ಕೈಗೆ ಹಚ್ಚುವ ಕ್ರೀಮಿನಲ್ಲಿ ಇರುವಂಥದ್ದು ಎಂದು ಓಕಾದಾ ಓದಿ ಹೇಳಿದರು. ಆಗ ಮೊರಿತಾ ಎದ್ದು ನಿಂತರು. ಚಳಿಗೆ ಅವರ ಕೈ ಬಿರುಕು ಬಿಡುತ್ತದಂತೆ. ಕೆಲಸದ ದಿನಗಳಲ್ಲಿ ಕ್ರೀಮು ಹಚ್ಚುವುದಿಲ್ಲ, ಆದರೂ ಭಾನುವಾರ ಹಚ್ಚಿದ್ದೆ, ಅದೇ ಇರಬೇಕು, ತಪ್ಪು ನನ್ನದು, ಅಂದರು. ಅಂದು ಸೊಂಟ ಮುರಿಯುವಷ್ಟು ಬಾಗಿ ಹಾಗೇ ನಿಂತರು. ಓಕಾದಾ ಅದನ್ನು ಇಂಗ್ಲಿಷಿನಲ್ಲಿ ನಮಗೆ ಹೇಳುವವರೆಗೂ ಅವರು ತಲೆ ಎತ್ತಲಿಲ್ಲ.

ಆ ಬೆಳಿಗ್ಗೆ, ಆ ಬಟ್ಟೆ, ಆ ತೊಟ್ಟು. ಸ್ಪಿರಿಟ್ಟಿಗೆ ಮೇಲಿನದು ಹೋಗಿತ್ತು, ಮುಚ್ಚಳಗಳ ಕೆಳಗಿನ ಸಂದಿಗೆ ಇಳಿದದ್ದು ಹೋಗಿರಲಿಲ್ಲ.

"ಗೌಡ್ರೇ, ಅದು ನಾನ್ ಮಾಡಿದ್ದು. ಕೊಬ್ರಿ ಎಣ್ಣೇಲಿ ಒರೆಸ್ಬುಟ್ಟಿದೀನಿ" ಎಂದು ಪಿಸುಗುಟ್ಟಿದೆ.

ಗೌಡರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸುಮ್ಕಿರಮ್ಮ. ಅವ್ರೇ ಅವ್ರ ತಪ್ಪು ಅಂತಾವ್ರಲ್ಲ? ಡಬ್ಬ ತೊಳೆದು ಇನ್ನೊಂದ್ ಕಿತ ಇಡ್ತಾರೆ, ಅಷ್ಟರಲ್ಲಿ ಎಣ್ಣೆ ಆರ್‍ಕೊಂಡಿರ್ತದೆ. ಬಾಯ್ ಬುಟ್ಟೆ ಅಂದ್ರೆ ತಟ್ಟೆ ಹೋಯ್ತು. ಎರಡು ವರ್ಷ ಕಣೇ!"

ಗೌಡರು ಹೇಳಿದ್ದು ಸುಳ್ಳಲ್ಲ. ಬಾಯಿ ಬಿಟ್ಟರೆ ನನ್ನ ತಟ್ಟೆ ಮೇಲೆ ಹೋಗುವುದಿಲ್ಲ. ಎದುರಿಗೆ ಮೊರಿತಾ ಅವರ ಕೈ ಕಾಣುತ್ತಿತ್ತು. ಗೆಣ್ಣುಗಳ ಮೇಲೆ ಕೆಂಪು ಬಿರುಕು. ನನ್ನ ಕೈಯೂ ಅಷ್ಟೇ ಒರಟು, ಆದರೆ ಬಿರುಕಿಲ್ಲ. ಏಕೆಂದರೆ ನಾನು ದಿನಾ ಎಣ್ಣೆ ಹಚ್ಚುತ್ತೇನೆ. ಆಕೆ ಈ ಕನ್ನಡಿಗೋಸ್ಕರ ವರ್ಷಗಟ್ಟಲೆ ಕೈ ಒಡೆಸಿಕೊಂಡಿದ್ದಾರೆ, ನಾನು ಸುಮ್ಮನೆ ಕೂತಿದ್ದೇನೆ ಅನ್ನಿಸಿತು. ಬಹಳ ನಾಚಿಕೆಯಾಯಿತು.

ಕೈಚೀಲದಿಂದ ಎಣ್ಣೆ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಇಂಗ್ಲಿಷು ಬಾಯಿಗೆ ಬರಲಿಲ್ಲ. ಬಾಟಲಿಗೆ ಬೆರಳು ತೋರಿಸಿದೆ, ನನ್ನ ಕೈಗೆ ತೋರಿಸಿದೆ, ತಟ್ಟೆಗೆ ತೋರಿಸಿದೆ. ಯೋಶಿ ಅನ್ನಲಿಲ್ಲ.

ಬೀರು

ಬೈಗುಳಕ್ಕೆ ಕಾದು ಕುಳಿತವಳಿಗೆ ಬೈಗುಳ ಸಿಗಲಿಲ್ಲ. ಓಕಾದಾ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಒಳ್ಳೆಯ ವಾಸನೆ ಅಂದರು. ಒಂದು ತೊಟ್ಟು ಪರೀಕ್ಷೆ ಮಾಡಿ, ಕನ್ನಡಿಯ ಮೇಲಿರುವುದು ಇದೇ ಎಂದು ಖಚಿತ ಮಾಡಿದರು. ತಟ್ಟೆಯನ್ನು ಮೇಲೆ ಕಳಿಸುವ ಹಾಗಿಲ್ಲ. ಮುಚ್ಚಳಗಳನ್ನು ಅಂಟಿಸಿರುವುದರಿಂದ ಬಿಚ್ಚಿ ತೊಳೆಯಲೂ ಆಗದು. ಅದು ಇನ್ನು ಕೊಳಕ್ಕೆ, ಅಭ್ಯಾಸಕ್ಕೆ. ಮೂರನೆಯದನ್ನು ಮಾಡಿ ಕಳಿಸಲು ಸಮಯ ಕೊಟ್ಟರು. ಒಂದೇ ಷರತ್ತು, ಮೊದಲಿನಿಂದ ಕೊನೆಯವರೆಗೆ ಯಾರೂ ಬರಿಗೈಯಲ್ಲಿ ಮುಟ್ಟಬಾರದು.

"ಗ್ಲೌಸ್ ಹಾಕ್ಕಂಡ್ರೆ ಬರ್ ಹೆಂಗ್ ಗೊತ್ತಾಗ್ತದೆ?" ಎಂದು ನಾನು ಗೌಡರನ್ನು ಕೇಳಿದೆ. ಅರ್ಥವಾದದ್ದು ಮೊರಿತಾ ಅವರಿಗೆ, ಭಾಷೆ ಬಾರದಿದ್ದರೂ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯಂಥದ್ದನ್ನು ತಂದು ಒಂದು ತೂತಿನ ಅಂಚಿನ ಮೇಲೆ ಎಳೆದು ತೋರಿಸಿದರು. ಬರ್ ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ನನಗೂ ಮಾಡಲು ಕೊಟ್ಟರು. ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಬೇಡದ ಲೋಹದ ಚೂರುಗಳ ಮೇಲೆ ಹತ್ತಿ ಎಳೆದೆವು. ನನ್ನ ಬೆರಳಿಗೆ ಸಿಕ್ಕದ ಒಂದು ಬರ್ ಹತ್ತಿಗೆ ಸಿಕ್ಕಿದಾಗ ಹೊಟ್ಟೆ ಉರಿಯಿತು. ಅವರ ಬೆರಳಿಗೂ ಅದು ಸಿಕ್ಕಿರಲಿಲ್ಲ ಎಂದು ಗೊತ್ತಾದ ಮೇಲೆ ಸಮಾಧಾನವಾಯಿತು.

ಹೊರಡುವ ದಿನ ಮೊರಿತಾ ಒಂದು ಗಾಜಿನ ಬೀರುವಿನ ಮುಂದೆ ಕರೆದುಕೊಂಡು ಹೋದರು. ಒಳಗೆ ಸಾಲುಸಾಲು ಪುಟ್ಟ ಶೀಷೆಗಳು. ಇಷ್ಟು ವರ್ಷದಲ್ಲಿ ಆ ಡಬ್ಬದ ಕನ್ನಡಿಯನ್ನು ಯಾವುದೆಲ್ಲ ಮಬ್ಬು ಮಾಡಿದೆಯೋ, ಅದರದರ ಒಂದೊಂದು ತೊಟ್ಟು. ತುಟಿಯ ಬಣ್ಣ, ಕಿತ್ತಳೆ ಸಿಪ್ಪೆಯ ರಸ, ಸೋಯಾ ಸಾಸ್, ಯಾರದೋ ಮೀಸೆಯ ಮೇಣ. ಮತ್ತೆ ಬಂದರೆ ಗುರುತು ಹಿಡಿಯಲು ಇಟ್ಟಿದ್ದಾರೆ.

ಗೌಡರು ಬಗ್ಗಿ ಬಗ್ಗಿ ನೋಡಿದರು. "ಇದೇನಮ್ಮ, ಮಾಡಿದ್ ತಪ್ಪಿಗೆಲ್ಲ ಉಪ್ಪಿನಕಾಯಿ ಹಾಕಿ ಮಡಗವ್ರೆ!"

ಮೊರಿತಾ ಹೊಸ ಶೀಷೆಗೆ ನನ್ನ ಬಾಟಲಿಯಿಂದ ಎಣ್ಣೆ ಬಗ್ಗಿಸಿ, ಪೆನ್ನು ಹಿಡಿದು, ಏನು ಬರೆಯಲಿ ಎನ್ನುವಂತೆ ನನ್ನ ಮುಖ ನೋಡಿದರು. ಕೊಬ್ಬರಿ ಎಣ್ಣೆ ಎಂದು ಬರೆಯುವ ಹಾಗಿಲ್ಲ, ಅಂಗಡಿಯಲ್ಲಿ ಸಿಗುವ ಕೊಬ್ಬರಿ ಎಣ್ಣೆಯ ಶೀಷೆ ಆಗಲೇ ಒಂದಿತ್ತು. ಎಲ್ಲಿಯದು ಎಂದು ಓಕಾದಾ ಕೇಳಿದರು.

"ಕಡಬ" ಅಂದೆ.

ಮೊರಿತಾ ಅದನ್ನು ಮೂರು ಸಲ ಬಾಯಲ್ಲಿ ಹೇಳಿಕೊಂಡು, ತಮ್ಮ ಲಿಪಿಯಲ್ಲಿ ಬರೆದು ಅಂಟಿಸಿ, ಬೀರುವಿನಲ್ಲಿಟ್ಟರು. ಉಳಿದ ಎಣ್ಣೆಯನ್ನು ನಾನು ಅವರ ಕೈಗೇ ಕೊಟ್ಟೆ. ಭಾನುವಾರ, ಮನೆಯಲ್ಲಿ, ಎಂದು ಓಕಾದಾ ಅವರಿಂದ ಹೇಳಿಸಿದೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮತ್ತೆ ತುಮಕೂರು

ಮೂರನೆಯ ತಟ್ಟೆಯನ್ನು ಎರಡೆರಡು ಕೈಗವಸು ಹಾಕಿಕೊಂಡು ಮಾಡಿದೆ. ಕೆಲಸದ ದಿನಗಳಲ್ಲಿ ತಲೆಗೂ ಎಣ್ಣೆ ಹಚ್ಚಲಿಲ್ಲ, ರೈಲಿನಲ್ಲಿ ಎಲ್ಲರೂ ಯಾಕೆ ಹುಷಾರಿಲ್ಲವಾ ಎಂದು ಕೇಳುತ್ತಿದ್ದರು. ಕೈಗೂ ಹಚ್ಚಲಿಲ್ಲ, ಗೆಣ್ಣುಗಳು ಒಡೆದವು. ಸಾವಿರ ಸಲ ಹತ್ತಿಯ ಕಡ್ಡಿ ಎಳೆದಿದ್ದೇನೆ. ಆ ತಟ್ಟೆ ಮುಟ್ಟಿದರೆ ಹೇಗಿರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪ್ಯಾಕ್ ಮಾಡಿ ಕಳಿಸುವಾಗ ಗೌಡರು ಸೀಲಿಗೆ ಬೆರಳು ತೋರಿಸಿ ಯೋಶಿ ಅಂದರು. ಈಗ ವರ್ಕ್‌ಶಾಪಿನಲ್ಲಿ ಎಲ್ಲರೂ ಹಾಗನ್ನುತ್ತಾರೆ, ಟೀ ತಂದರೂ.

ಹೋದ ವಾರ ಪರೀಕ್ಷೆಯ ವರದಿ ಬಂತು. ಗೌಡರು ನನ್ನನ್ನು ಕೂಗಿ ಕಂಪ್ಯೂಟರಿನ ಮುಂದೆ ಕೂರಿಸಿ, ಜೋರಾಗಿ ಓದಿದರು. ಯಾವ ಯಾವ ಜಿಡ್ಡಿಗಾಗಿ ಹುಡುಕಿದರು ಎನ್ನುವ ಪಟ್ಟಿ ಅದು. ಯಂತ್ರದ ಎಣ್ಣೆ, ಇಲ್ಲ. ಕೈ ಕ್ರೀಮು, ಇಲ್ಲ. ತುಟಿಯ ಬಣ್ಣ, ಇಲ್ಲ. ಕಿತ್ತಳೆ ಸಿಪ್ಪೆ, ಇಲ್ಲ. ಸೋಯಾ ಸಾಸ್, ಇಲ್ಲ. ಪಟ್ಟಿಯ ಕೊನೆಯಲ್ಲಿ ಗೌಡರ ದನಿ ತಗ್ಗಿತು.

"ಕಡಬ, ಇಲ್ಲ."

ಕೆಳಗೆ, ಮೇಲೆ ಹೋಗಲು ಯೋಗ್ಯ ಎಂದು ಮೊರಿತಾ ಅವರ ಸಹಿ.

ನನಗೆ ಅಳು ತಡೆಯಲಾಗಲಿಲ್ಲ. ಗೌಡರಿಗೆ ಗಾಬರಿಯಾಯಿತು.

"ಏನ್ಲೇ ಇದು, ಪಾಸಾಗೈತಲ್ಲ, ಯಾಕಳ್ತೀಯಾ?"

"ಕಡಬ ಒಂಚೂರೂ ಇಲ್ವಂತಲ್ಲ ಗೌಡ್ರೇ" ಅಂದೆ.

ಗೌಡರು ಪರದೆಯ ಕಡೆ ಬೆರಳು ಚಾಚಿದರು, ಯೋಶಿ ಅನ್ನಲು ಬಾಯಿ ತೆರೆದರು, ಅನ್ನಲಿಲ್ಲ. ಮೇಜಿನ ಡ್ರಾಯರಿನಿಂದ ಎಣ್ಣೆ ಬಾಟಲಿ ತೆಗೆದು ನನ್ನ ಮುಂದಿಟ್ಟು, "ಕೈಗೆ ಹಚ್ಕಳಮ್ಮ" ಅಂದರು.